ಬಸ್ ಸ್ಟ್ಯಾಂಡಿನಿಂದ ಎಡಕ್ಕೆ ತಿರುಗಿ

ಕಾಫಿ ಹೂವಿನ ಪರಿಮಳದ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಪಲ್ಪರ್ ನೀರಿನ ವಾಸನೆಯ ಬಗ್ಗೆ ಯಾರೂ ಬರೆದಂತಿಲ್ಲ. ಕೊಯ್ದ ಹಣ್ಣಿನ ಸಿಪ್ಪೆ ಸುಲಿದು, ಬೀಜದ ಲೋಳೆ ತೊಳೆದು ಬಿಟ್ಟ ನೀರು ತೋಟದ ಹೊಂಡದಲ್ಲಿ ನಿಂತು ಹುಳಿಯುತ್ತದೆ. ಬಿಸಿಲೇರಿದ ಮೇಲೆ ಅದರ ನಾತ ಊರಿಗೆಲ್ಲ ಹರಡುತ್ತದೆ. ಕಳೆದ ತಿಂಗಳು ಗೆಳತಿಯ ತಂಗಿಯ ಮದುವೆಗೆಂದು ಹುದಿಕೇರಿಗೆ ಹೋಗಿದ್ದೆ. ಬಸ್ಸಿಳಿದು ರಸ್ತೆ ದಾಟುವಾಗ ಆ ವಾಸನೆ ಬಂತು. ಜೊತೆಯಲ್ಲಿದ್ದವರೆಲ್ಲ ಸೆರಗನ್ನು ಮೂಗಿಗೆ ಹಿಡಿದು ಬೇಗ ಬೇಗ ನಡೆದರು. ನಾನು ನಿಂತುಬಿಟ್ಟೆ. ಎಡಕ್ಕೆ ಹೋಗುವ ರಸ್ತೆ ಕಣ್ಣೆದುರಿಗೇ ಇತ್ತು. ಆ ರಸ್ತೆಯಲ್ಲಿ ಎಲ್ಲಿ ಇಳಿಯಬೇಕು, ಎಲ್ಲಿ ತಿರುಗಬೇಕು, ಯಾವ ಗೇಟು ಬಿಟ್ಟು ಯಾವ ಗೇಟಿಗೆ ಹೋಗಬೇಕು ಎಂಬುದು ನನಗೆ ಇವತ್ತಿಗೂ ಬಾಯಿಪಾಠ. ಆ ಪಾಠ ಬೇಕಾಗಿದ್ದ ದಿನಗಳಲ್ಲಿ ಮಾತ್ರ ಅದು ನನಗೆ ಬರುತ್ತಿರಲಿಲ್ಲ.

ಹುದಿಕೇರಿಯಲ್ಲಿ ನಾನಿದ್ದದ್ದು ಒಂದೇ ವರ್ಷ. ವಾಸಿಯಾಗದ ಕಾಯಿಲೆಯವರ ಮನೆಗೇ ಹೋಗಿ, ನೋವಿಗೆ ಮದ್ದು ಕೊಟ್ಟು, ಹುಣ್ಣು ತೊಳೆದು, ಮನೆಯವರಿಗೆ ನಾಲ್ಕು ಧೈರ್ಯದ ಮಾತು ಹೇಳಿ ಬರುವ ಸಣ್ಣದೊಂದು ಸಂಸ್ಥೆ ಅಲ್ಲಿತ್ತು. ಬಸ್ ಸ್ಟ್ಯಾಂಡಿನ ಎದುರು, ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆ ಅದರ ಕಚೇರಿ. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು. ದಿನವೂ ಇರುತ್ತಿದ್ದವರು ನಾವು ಮೂರು ಜನ. ನರ್ಸ್ ಸಿಸ್ಟರ್ ರೋಸಮ್ಮ, ಜೀಪಿನ ಡ್ರೈವರ್ ಕುಶಾಲಪ್ಪಣ್ಣ, ಕಂಪ್ಯೂಟರ್ ನೋಡಿಕೊಳ್ಳಲು ನಾನು. ಸಿಸ್ಟರ್ ವಯನಾಡಿನವರು. ಕೊಡಗಿಗೆ ಬಂದು ತಲೆಕೂದಲು ಹಣ್ಣಾಗಿದ್ದರೂ ಜೀಪಿಗೆ ವಂಡಿ ಎಂದೇ ಅನ್ನುತ್ತಿದ್ದರು, ನನ್ನನ್ನು ತಮ್ಮ ಭಾಷೆಯಲ್ಲಿ ಮೋಳೆ, ಅಂದರೆ ಮಗಳೇ, ಎಂದೇ ಕರೆಯುತ್ತಿದ್ದರು. ಕುಶಾಲಪ್ಪಣ್ಣ ಸಂಪಾಜೆಯವರು, ಮನೆಯಲ್ಲಿ ಅರೆಭಾಷೆ, ನಮ್ಮ ಹತ್ತಿರ ಕನ್ನಡ. ಅವರೂ ಆ ಕಡೆಗೆ ಹೊಸಬರೇ. ಹಳೆಯ ಡ್ರೈವರ್ ಮಗಳ ಮನೆಗೆ ಹೋಗಿ ನೆಲೆಸಿದ ಮೇಲೆ ಮಳೆಗಾಲ ಮುಗಿಯುವಾಗ ಸೇರಿದ್ದರು.

ನನ್ನದು ಶನಿವಾರಸಂತೆ ಹತ್ತಿರದ ಹಳ್ಳಿ. ಅದೂ ಕೊಡಗೇ. ಆದರೆ ನಮ್ಮ ಕಡೆ ಊರೆಂದರೆ ಊರು. ಮನೆಗಳು ಒಂದರ ಗೋಡೆಗೆ ಒಂದು ಒರಗಿಕೊಂಡು ಬೀದಿಯಲ್ಲಿ ಸಾಲಾಗಿ ನಿಂತಿರುತ್ತವೆ. ಬಸವಣ್ಣನ ಗುಡಿ ಹಿಂದಿನ ಮನೆ ಎಂದರೆ ಮುಗಿಯಿತು, ಕಣ್ಣು ಮುಚ್ಚಿಕೊಂಡು ಹೋಗಬಹುದು. ತೆಂಕಲ ಕೊಡಗಿನಲ್ಲಿ ಹಾಗಲ್ಲ. ಒಂದೊಂದು ಮನೆ ಒಂದೊಂದು ತೋಟದ ಹೊಟ್ಟೆಯೊಳಗೆ. ರಸ್ತೆಯಿಂದ ಕಾಣುವುದು ಗೇಟು ಮಾತ್ರ, ಕೆಲವಕ್ಕೆ ಅದೂ ಇಲ್ಲ. ಮನೆ ನಂಬರು ಕೇಳಿದರೆ ಜನ ನಗುತ್ತಾರೆ. ಪೋಸ್ಟಿನ ವಿಳಾಸಕ್ಕೂ ಮನೆ ಇರುವ ಜಾಗಕ್ಕೂ ಸಂಬಂಧವೇ ಇರುವುದಿಲ್ಲ, ಕಾಗದ ಪತ್ರ ಅಂಗಡಿಯಲ್ಲೋ ಡೈರಿಯಲ್ಲೋ ಬಂದು ಬಿದ್ದಿರುತ್ತದೆ, ಹಾಲು ಹಾಕಲು ಹೋದವರು ತರುತ್ತಾರೆ.

ಹಾಗಾಗಿ ಅಲ್ಲಿಯವರು ವಿಳಾಸ ಹೇಳುವುದಿಲ್ಲ, ದಾರಿ ಹೇಳುತ್ತಾರೆ. ಅದಕ್ಕೊಂದು ಕ್ರಮವೂ ಇದೆ. ಕೇಳಿದವರು ಹೊಸಬರು ಎಂದು ಗೊತ್ತಾದರೆ ಪೇಟೆಯಿಂದಲೇ ಶುರು ಮಾಡಬೇಕು. ನೀವು ಬಸ್ಸಿಳಿಯುತ್ತೀರಲ್ಲ, ಅಲ್ಲಿಂದ ಎಂದು ಕೈ ಹಿಡಿದು ನಡೆಸಿಕೊಂಡು ಬಂದಂತೆ ಹೇಳುತ್ತಾ, ತಮ್ಮ ಮನೆಯನ್ನು ಕೊನೆಗೆ ತರುತ್ತಾರೆ. ಮೊದಲೇ ತಮ್ಮ ಮನೆಯ ಹೆಸರು ಹೇಳಿಬಿಡುವುದು ಜಂಬವಾಗುತ್ತದೆ ಎಂಬ ಭಾವನೆಯೋ ಏನೋ. ನಮ್ಮ ಕಚೇರಿಗೆ ಬಂದವರೆಲ್ಲ ನಮ್ಮದೇ ಬಾಗಿಲಿನಿಂದ ದಾರಿ ಶುರು ಮಾಡುತ್ತಿದ್ದರು. ನನಗೆ ಒಳಗೊಳಗೇ ನಗು ಬರುತ್ತಿತ್ತು. ಕಿಟಕಿಯಿಂದ ಕಾಣುವ ಬಸ್ ಸ್ಟ್ಯಾಂಡನ್ನು ನನಗೇ ಹೇಳಿ ಟೈಪ್ ಮಾಡಿಸುತ್ತಾರಲ್ಲ ಎಂದು.

ಟೈಪ್ ಮಾಡುತ್ತಿದ್ದದ್ದು ಹೊಸದಾಗಿ ಬಂದಿದ್ದ ವೆಬ್ ಫಾರ್ಮಿನಲ್ಲಿ. ಅದುವರೆಗೆ ಎಲ್ಲವೂ ರಿಜಿಸ್ಟರಿನಲ್ಲಿತ್ತು. ಸಂಸ್ಥೆಗೆ ಸಹಾಯ ಮಾಡುವವರು ಯಾರೋ, ಇನ್ನು ಮೇಲೆ ಎಲ್ಲವೂ ಆನ್‌ಲೈನ್ ಆಗಲಿ ಎಂದರು. ಮೈಸೂರಿನ ಚಿಕ್ಕ ಕಂಪನಿಯೊಂದು ಮಾಡಿಕೊಟ್ಟಿತು. ಹೆಸರು, ವಯಸ್ಸು, ಕಾಯಿಲೆ, ಮದ್ದು, ಕೊನೆಯಲ್ಲಿ 'ಮನೆಗೆ ದಾರಿ' ಎಂಬ ಖಾನೆ. ಆ ಖಾನೆ ಬೇಕೇ ಬೇಕೆಂದು ಹಟ ಹಿಡಿದವರು ಸಿಸ್ಟರ್. ಕನ್ನಡದಲ್ಲೇ ಇರಲಿ ಎಂದವಳು ನಾನು, ಕುಶಾಲಪ್ಪಣ್ಣನಿಗೆ ಓದಲು ಬರುವುದು ಕನ್ನಡ ಮಾತ್ರ. ಬೆಳಿಗ್ಗೆ ಅವತ್ತು ಹೋಗಬೇಕಾದ ಮನೆಗಳ ಚೀಟಿಯನ್ನು ಕಂಪ್ಯೂಟರಿನಿಂದ ಪ್ರಿಂಟ್ ತೆಗೆದು ಅವರ ಕೈಗೆ ಕೊಡುವುದು, ಅವರು ಅದನ್ನು ಕನ್ನಡಕದ ಗೂಡಿನೊಳಗೆ ಮಡಚಿಟ್ಟುಕೊಳ್ಳುವುದು. ಹಳೆಯ ಮನೆಗಳ ದಾರಿ ಸಿಸ್ಟರಿಗೆ ಗೊತ್ತಿತ್ತು. ಚೀಟಿ ನಿಜವಾಗಿ ಬೇಕಾಗುವುದು ಹೊಸ ಮನೆಗೆ.

ಮೊದಲ ಹೊಸ ಮನೆ ಬಾಲಣ್ಣನದು. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಆಗಷ್ಟೇ ಬಿರುಸಾಗಿತ್ತು, ಪಲ್ಪರ್ ವಾಸನೆ ಕಿಟಕಿಯಿಂದ ಬರುತ್ತಿತ್ತು. ಬಾಲಣ್ಣ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ ಎಲ್ಲ ಬರೆಯುವ ಗುಮಾಸ್ತ. ಹೆಂಡತಿ ದೇವಕಿಗೆ ಗರ್ಭಕೋಶದ ಕ್ಯಾನ್ಸರ್. ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲೇ ಇಟ್ಟುಕೊಳ್ಳಿ ಎಂದು ನೋವಿನ ಮದ್ದು ಸ್ವಲ್ಪ ಕೊಟ್ಟು ಕಳಿಸಿದ್ದರು. ಅದು ಮುಗಿಯುವುದರೊಳಗೆ ನಮ್ಮ ಜೀಪು ಅವರ ಮನೆ ಮುಟ್ಟಬೇಕು. ಆ ಮದ್ದು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಆ ಸುತ್ತಿನಲ್ಲಿ ಅದನ್ನು ಕೊಡಲು ಅನುಮತಿ ಇದ್ದದ್ದು ನಮಗೊಬ್ಬರಿಗೇ.

"ಮೇಡಂ, ರೇಷನ್ ಕಾರ್ಡಲ್ಲಿ ಇರುದು ಎಸ್ಟೇಟ್ ಲೈನಿನ ಅಡ್ರೆಸ್. ಈಗ ನಾವು ಅಲ್ಲಿ ಇಲ್ಲ," ಎಂದರು ಬಾಲಣ್ಣ. ಲೈನ್ ಎಂದರೆ ಎಸ್ಟೇಟಿನವರು ಕೆಲಸದವರಿಗೆ ಕಟ್ಟಿಸಿಕೊಟ್ಟ ಸಾಲುಮನೆ. "ಲೈನ್ ಮನೆಯಲ್ಲಿ ಪಿಕಿಂಗ್ ಟೈಮಲ್ಲಿ ಒಂದೇ ಗಲಾಟೆ, ಅವಳಿಗೆ ಮಲಗ್ಲಿಕ್ಕೆ ಆಗುದಿಲ್ಲ. ಅವಳ ಅಕ್ಕನ ಮನೆಗೆ ಕರ್ಕೊಂಡು ಹೋಗಿದ್ದೇನೆ. ಕಾಡಿನ ಬದಿ. ದಾರಿ ಹೇಳ್ತೇನೆ, ನೀವು ಬರ್ಕೊಳ್ಳಿ."

ಎಷ್ಟಾದರೂ ರೈಟರ್. ಹಾಜರಿ ಕೂಗಿದ ಹಾಗೆ ಒಂದೊಂದನ್ನೇ ನಿಲ್ಲಿಸಿ ನಿಲ್ಲಿಸಿ ಹೇಳಿದರು, ನನ್ನ ಬೆರಳು ಅವರ ಮಾತನ್ನು ಹಿಡಿಯುವವರೆಗೆ ಕಾದರು. ಹೇಳುವಾಗ ಅವರ ಬಲಗೈ ಮೇಜಿನ ಮೇಲೆ ಗಾಳಿಯಲ್ಲಿ ರಸ್ತೆ ಬಿಡಿಸುತ್ತಿತ್ತು. ಬರೆದು ಮುಗಿಸಿ ಓದಿ ಹೇಳಿದೆ. ಸರಿ ಉಂಟು ಎಂದು ತಲೆಯಾಡಿಸಿದರು. ಸೇವ್ ಒತ್ತಿದೆ. ಹಸಿರು ಅಕ್ಷರದಲ್ಲಿ ಯಶಸ್ವಿಯಾಗಿ ಉಳಿಸಲಾಗಿದೆ ಎಂದು ಬಂತು. ಸಿಸ್ಟರ್ ಬಾಲಣ್ಣನ ಭುಜ ಮುಟ್ಟಿ ಹೇಳಿದರು. "ನೀವು ಇನ್ನು ಇಲ್ಲಿ ತನಕ ಅಲೆಯುದು ಬೇಡ. ಅವರ ಹತ್ರವೇ ಇರಿ. ವಂಡಿ ಅಲ್ಲಿಗೇ ಬರ್ತದೆ."

ಆ ಮಾತನ್ನು ನಂಬಿ ಅವರು ಹೋದರು.

ಅವರ ಮನೆಗೆ ಹೋಗಬೇಕಾದ ದಿನ ಬೆಳಿಗ್ಗೆ ಚೀಟಿ ಪ್ರಿಂಟ್ ತೆಗೆದುಕೊಟ್ಟೆ. ಕುಶಾಲಪ್ಪಣ್ಣ ಕನ್ನಡಕ ಏರಿಸಿ ಬಾಯಿ ಬಿಟ್ಟು ಓದಿದರು. "ಹುದಿಕೇರಿ ಬಸ್ ಸ್ಟ್ಯಾಂಡಿನಿಂದ ಎಡಕ್ಕೆ ತಿರುಗಿ." ಓದಿ, ಚೀಟಿಯ ಹಿಂಬದಿ ನೋಡಿದರು. ಅಲ್ಲೇನೂ ಇರಲಿಲ್ಲ.

"ತಿರುಗಿ, ಮತ್ತೆ ಎಂತ ಮೇಡಂ? ತಿರುಗಿ ಅಲ್ಲೇ ನಿಲ್ಲುದಾ?"

ನಾನು ನಕ್ಕೆ. ಪ್ರಿಂಟರ್ ಅರ್ಧ ನುಂಗಿರಬೇಕು ಎಂದುಕೊಂಡೆ. ಇನ್ನೊಮ್ಮೆ ತೆಗೆದೆ, ಅಷ್ಟೇ ಬಂತು. ಪರದೆಯಲ್ಲಿ ತೆರೆದು ನೋಡಿದೆ. ಅಲ್ಲೂ ಅಷ್ಟೇ. ಬಸ್ ಸ್ಟ್ಯಾಂಡಿನಿಂದ ಎಡಕ್ಕೆ ತಿರುಗಿ. ಅರ್ಧ ಅಕ್ಷರದಲ್ಲಿ ತುಂಡಾಗಿದ್ದರೆ ಮೊದಲೇ ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಇದು ಎಷ್ಟು ಚೊಕ್ಕಟವಾಗಿ ನಿಂತಿತ್ತೆಂದರೆ ನೋಡಿದವರಿಗೆ ಯಾರೋ ಬೇಕೆಂದೇ ಇಷ್ಟು ಬರೆದಂತೆ ಕಾಣುತ್ತಿತ್ತು. ಬೇರೆಯವರದ್ದು ತೆರೆದೆ. ಒಬ್ಬರದ್ದು ಡೈರಿಯವರೆಗೆ, ಒಬ್ಬರದ್ದು ಪೋಸ್ಟಾಫೀಸಿನವರೆಗೆ. ಎಲ್ಲರದ್ದೂ ಪೇಟೆಯ ಅಂಚಿನಲ್ಲೇ ಮುಗಿದಿತ್ತು. ನಮ್ಮ ಕಚೇರಿಯಿಂದ ಹೊರಗೆ ಬರುವುದು ಹೇಗೆಂದು ಮಾತ್ರ ಕಂಪ್ಯೂಟರಿಗೆ ಚೆನ್ನಾಗಿ ಗೊತ್ತಿತ್ತು.

ಬಾಲಣ್ಣನ ಮೊಬೈಲಿಗೆ ಹೊಡೆದರೆ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಹೆಣ್ಣು ದನಿ. ಕಾಡಿನ ಬದಿ ಟವರ್ ಎಲ್ಲಿಂದ ಬರಬೇಕು. ಮೈಸೂರಿಗೆ ಫೋನ್ ಮಾಡಿದೆ. ಫಾರ್ಮ್ ಮಾಡಿಕೊಟ್ಟ ಹುಡುಗನ ಹೆಸರು ಕಿರಣ್. ಒಳ್ಳೆಯ ಹುಡುಗ, ಯಾವತ್ತೂ ಸಿಡುಕಿದವನಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸುತ್ತಿತ್ತು.

"ಡಿಸ್‌ಪ್ಲೇ ಇಶ್ಯೂ ಅಷ್ಟೇ ಮೇಡಂ. ತೋರ್ಸೋದ್ರಲ್ಲಿ ಏನೋ ಮಿಸ್ಟೇಕ್. ಡೇಟಾ ಒಳಗೆ ಸೇಫಾಗಿರುತ್ತೆ. ಟೆನ್ಶನ್ ತಗೋಬೇಡಿ, ಇವತ್ತು ಬೇರೆ ಕಡೆ ಇನ್‌ಸ್ಟಾಲೇಶನ್ ಇದೆ, ನಾಳೆ ನೋಡ್ತೀನಿ."

ಒಳಗೆ ಇರುತ್ತದೆ ಎಂದದ್ದೇ ನನಗೆ ಹೋದ ಜೀವ ಬಂದಂತಾಯಿತು. ಕಾಣಿಸುತ್ತಿಲ್ಲ ಅಷ್ಟೇ, ಇದೆ. ಸಿಸ್ಟರಿಗೂ ಅದನ್ನೇ ಹೇಳಿದೆ. ಅವರು ಮದ್ದಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಒಳಗೆ ಇದ್ದರೆ ದೇವಕಿಗೆ ಎಂತ ಗುಣ ಮೋಳೆ? ಹೊರಗೆ ಬರ್ಬೇಕಲ್ಲ," ಎಂದು ಎದ್ದು, ಹೋಗುವಾ ಕುಶಾಲಪ್ಪಣ್ಣ, ಕೇಳಿಕೊಂಡೇ ಹೋಗುವಾ ಎಂದು ಹೊರಟರು.

ಸಂಜೆ ಇಬ್ಬರೂ ಧೂಳು ಮೆತ್ತಿಕೊಂಡು ವಾಪಸು ಬಂದರು. ಪಿಕಿಂಗ್ ಸಮಯದಲ್ಲಿ ದಾರಿ ಕೇಳಲು ಮನೆಯಲ್ಲಿ ಯಾರಿರುತ್ತಾರೆ? ಎಲ್ಲರೂ ತೋಟದೊಳಗೆ. ಗೇಟಿನ ಹತ್ತಿರ ಸಿಕ್ಕಿದವರು ಅಸ್ಸಾಮಿನ ಕಡೆಯಿಂದ ಕೊಯ್ಲಿಗೆ ಬಂದವರು. ಅವರಿಗೆ ಇವರ ಮಾತು ಅರ್ಥವಾಗಲಿಲ್ಲ, ಇವರಿಗೆ ಅವರದ್ದು. ಬಾಲಣ್ಣನ ಎಸ್ಟೇಟಿಗೂ ಹೋಗಿದ್ದರಂತೆ. ಲೈನ್ ಮನೆಗೆ ಬೀಗ. ಪಕ್ಕದವರು, ಹೆಂಡತಿಯ ಅಕ್ಕನ ಮನೆಗೆ ಹೋಗಿದ್ದಾರೆ, ಅಕ್ಕನ ಮನೆ ಎಲ್ಲಿ ಅಂತ ನಮಗೆ ಗೊತ್ತಿಲ್ಲ ಎಂದರಂತೆ. ಮುಂದೊಂದು ತೋಟದಲ್ಲಿ ಆನೆ ನಿಂತಿದೆಯೆಂದು ಅರಣ್ಯದವರು ರಸ್ತೆಗೆ ಅಡ್ಡ ನಿಂತಿದ್ದರು. "ಎಡಕ್ಕೆ ತಿರುಗಿದ್ರೆ ಮತ್ತೆ ಎಷ್ಟು ದಾರಿ ಉಂಟು ಗೊತ್ತುಂಟಾ ಮೇಡಂ," ಎಂದರು ಕುಶಾಲಪ್ಪಣ್ಣ. "ಒಂದೊಂದು ಗೇಟು ಒಂದೊಂದು ದಾರಿ. ಯಾವುದರ ಒಳಗೆ ನುಗ್ಗುದು?"

ನಾನಂತೂ ಕುರ್ಚಿಯಲ್ಲಿ ಕೂತು ನೆನಪು ಮಾಡಿಕೊಳ್ಳಲು ನೋಡುತ್ತಿದ್ದೆ. ಟೈಪ್ ಮಾಡಿದವಳು ನಾನೇ, ಓದಿ ಹೇಳಿದವಳೂ ನಾನೇ. ಬಾಲಣ್ಣನ ಮುಖ ನೆನಪಿದೆ, ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಪೆನ್ನು ನೆನಪಿದೆ. ಅವರ ಕೈ ಗಾಳಿಯಲ್ಲಿ ತಿರುಗಿದ್ದು ಕಣ್ಣಿಗೆ ಕಟ್ಟಿದೆ. ಆದರೆ ಅವರು ನನ್ನ ಎದುರು ಕೂತಿದ್ದರು. ಅವರ ಬಲ ನನಗೆ ಎಡ. ಕೈ ಆ ಕಡೆ ಹೋದದ್ದು ಅವರ ಲೆಕ್ಕದಲ್ಲೋ ನನ್ನ ಲೆಕ್ಕದಲ್ಲೋ? ಒಂದು ಹಲಸಿನ ಮರ ಇತ್ತು ಎನ್ನಿಸಿತು. ಅದು ಬೇರೆ ಯಾರದ್ದೋ ದಾರಿಯದ್ದೂ ಇರಬಹುದು. ಟೈಪ್ ಮಾಡುವಾಗ ಮಾತು ಕಿವಿಯಿಂದ ನೇರ ಬೆರಳಿಗೆ ಇಳಿಯುತ್ತದೆ, ತಲೆಯಲ್ಲಿ ಕೂರುವುದಿಲ್ಲ. ಕೂರಿಸಿಕೊಳ್ಳುವ ಅಗತ್ಯವಾದರೂ ಏನಿತ್ತು, ಕೂರಿಸಿಕೊಳ್ಳಲೆಂದೇ ಕಂಪ್ಯೂಟರ್ ಇತ್ತಲ್ಲ.

ಮಾರನೇ ದಿನ ಕಿರಣ್ ಹೇಳಿಕೊಟ್ಟಂತೆ ದೇವಕಿಯ ಪುಟದಲ್ಲಿ ತಿದ್ದುವ ಬಟನ್ ಒತ್ತಿದೆ. 'ಮನೆಗೆ ದಾರಿ' ಖಾನೆಯಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ. ಅದರ ಬದಲು ಸಾಲು ಸಾಲು ಅಂಕಿ. &#3257;&#3265;&#3238; ಎಂದು ಶುರುವಾಗಿ ಖಾನೆಯ ತುಂಬ ಇರುವೆ ಮುತ್ತಿದಂತೆ ಅದೇ. ಹೆದರಿ ಫೋನ್ ಮಾಡಿದರೆ ಕಿರಣ್ ಖುಷಿಯಾದ.

"ನೋಡಿದ್ರಾ ಮೇಡಂ, ನಾನು ಹೇಳಿರ್ಲಿಲ್ವಾ? ಅದೇ ನಿಮ್ಮ ಕನ್ನಡ. ಒಂದೊಂದು ನಂಬರ್ ಒಂದೊಂದು ಅಕ್ಷರ. ಪೇಜ್ ಸೆಟ್ಟಿಂಗ್ ಇಂಗ್ಲಿಷಿಗೆ ಇದ್ದಿದ್ರಿಂದ ಬ್ರೌಸರ್ ಕನ್ನಡನ ಕೋಡ್ ಮಾಡಿ ಕಳ್ಸಿದೆ. ನೋಡೋ ಪೇಜಲ್ಲಿ ಮತ್ತೆ ಕನ್ನಡ ಮಾಡಿ ತೋರ್ಸುತ್ತೆ. ಇಷ್ಟುದ್ದ ಇದೆ ಅಂದ್ರೆ ಎಲ್ಲಾ ಇದೆ ಬಿಡಿ."

ನನಗೂ ಹಾಗೇ ಅನ್ನಿಸಿತು. ಅಷ್ಟೊಂದು ಅಂಕಿ! ಪರದೆಯಲ್ಲಿ ಕಾಣುತ್ತಿದ್ದ ನಾಲ್ಕಾರು ಪದಕ್ಕೆ ಇಷ್ಟು ಅಂಕಿ ಯಾಕೆ ಬೇಕು? ಡೈರಿ, ಗೇಟು, ಮರ, ಮನೆ ಎಲ್ಲ ಇದರೊಳಗೇ ಇರಬೇಕು. ಯಾವ ಅಂಕಿಗೆ ಯಾವ ಅಕ್ಷರ ಎಂಬ ಪಟ್ಟಿಯನ್ನು ಅವನು ವಾಟ್ಸಾಪಿನಲ್ಲಿ ಕಳಿಸಿದ. ಅವನು ಅದನ್ನು ಕನ್ನಡಕ್ಕೆ ತಿರುಗಿಸುವುದನ್ನು ಕಾಯುವ ತಾಳ್ಮೆ ನನಗಿರಲಿಲ್ಲ. ಹಾಳೆ ತೆಗೆದುಕೊಂಡು ನಾನೇ ಒಂದೊಂದಾಗಿ ಬಿಡಿಸಲು ಕೂತೆ. ಸಿಸ್ಟರ್ ಎದುರು ಕುರ್ಚಿ ಎಳೆದುಕೊಂಡರು. ನಾನು ಅಂಕಿ ಹೇಳಬೇಕು, ಅವರು ಫೋನಿನಲ್ಲಿ ಹುಡುಕಿ ಅಕ್ಷರ ಹೇಳಬೇಕು. ಹ ಬಂತು. ಕೊಂಬು ಬಂತು. ದ ಬಂತು. ಮಲಯಾಳದ ಉಚ್ಚಾರದಲ್ಲಿ ಕನ್ನಡದ ಅಕ್ಷರಗಳನ್ನು ಅವರು ಒಂದೊಂದೇ ಎತ್ತಿಕೊಡುವಾಗ ನನಗೆ ಒಂದು ಬಗೆಯ ಉತ್ಸಾಹವೇ ಬಂದಿತ್ತು ಎಂದರೆ ಈಗ ನಾಚಿಕೆಯಾಗುತ್ತದೆ. ಕುಶಾಲಪ್ಪಣ್ಣ ಜೀಪಿನ ಕೀಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದರು, ದಾರಿ ಹೊರಗೆ ಬಂದ ಕೂಡಲೇ ಹೊರಡಲು.

ಹುದಿಕೇರಿ ಆಯಿತು. ಬಸ್ ಸ್ಟ್ಯಾಂಡಿನಿಂದ ಎನ್ನುವುದಕ್ಕೇ ಎರಡು ಸಾಲು ಅಂಕಿ ಹಿಡಿಯಿತು. ಖಾನೆಯಲ್ಲಿ ಉಳಿದದ್ದು ಸ್ವಲ್ಪವೇ, ಬರಬೇಕಾದ ದಾರಿ ಬೆಟ್ಟದಷ್ಟು. ಆದರೂ ಬಿಡಿಸಿದೆ. ಎಡಕ್ಕೆ. ತ, ಗುಡಿಸು, ರ, ಕೊಂಬು, ಗ. ಕೊನೆಯ ಅಂಕಿಯ ಮುಂದೆ ಇರಬೇಕಾಗಿದ್ದ ಅರ್ಧವಿರಾಮದ ಚುಕ್ಕೆ ಗೀಟು ಕೂಡ ಇರಲಿಲ್ಲ, ಯಾರೋ ಕತ್ತರಿ ಹಾಕಿದಂತಿತ್ತು. ಸಿಸ್ಟರ್ ಹುಡುಕಿ ಹೇಳಿದರು, "ಗುಡಿಸು." ತಿರುಗಿ. ಆಮೇಲೆ ಏನೂ ಇಲ್ಲ. ಪರದೆ ಮೊದಲಿನಿಂದ ಹೇಳುತ್ತಿದ್ದದ್ದು ಸುಳ್ಳಾಗಿರಲಿಲ್ಲ. ಇದ್ದದ್ದೇ ಅಷ್ಟು.

ಕಿರಣ್ ಆಮೇಲೆ ಫೋನಿನಲ್ಲಿ ವಿವರಿಸಿದ. ಒಂದೊಂದು ಖಾನೆಗೆ ಒಳಗೆ ಇಷ್ಟೇ ಜಾಗ ಎಂದು ಗೊತ್ತು ಮಾಡಿರುತ್ತಾರೆ. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಜಾಗ ಸಾಕು. ನಮ್ಮ ಅಕ್ಷರ ಅಂಕಿಯಾಗಿ ಹೋದದ್ದರಿಂದ ಒಂದೊಂದಕ್ಕೂ ಏಳು ಜಾಗ ಹಿಡಿದಿದೆ. ಒಬ್ಬೊಬ್ಬರೂ ಏಳು ಸೀಟಿಗೆ ಟವೆಲ್ ಹಾಕಿಕೊಂಡರೆ ಬಸ್ಸು ಬೇಗ ತುಂಬದೇ ಇರುತ್ತದೆಯೇ? ತುಂಬಿದ ಮೇಲೆ ಉಳಿದದ್ದನ್ನು ಅದು ಹತ್ತಿಸಿಕೊಂಡಿಲ್ಲ. ಹತ್ತಿಸಿಕೊಳ್ಳಲಿಲ್ಲ ಎಂದು ಯಾರಿಗೂ ಹೇಳಿಯೂ ಇಲ್ಲ. ಅವರು ಪರೀಕ್ಷೆ ಮಾಡಿ ನೋಡಿದ್ದು ಇಂಗ್ಲಿಷಿನಲ್ಲಿ, ಆಗ ಎಲ್ಲ ಸರಿಯಾಗಿಯೇ ಇತ್ತು.

"ಉಳಿದಿದ್ದು ಎಲ್ಲಿ ಹೋಯ್ತು ಕಿರಣ್?"

"ಎಲ್ಲೂ ಹೋಗಿಲ್ಲ ಮೇಡಂ. ಸೇರ್ಲೇ ಇಲ್ಲ."

"ಬ್ಯಾಕಪ್ ಅಂತ ಇಟ್ಟಿರ್ತೀರಲ್ಲಪ್ಪಾ?"

"ಬ್ಯಾಕಪ್ಪಲ್ಲೂ ಅಷ್ಟೇ ಇರುತ್ತೆ ಮೇಡಂ." ಮತ್ತೆ ಅವನೇ, "ಇನ್ಮೇಲೆ ಇಂಗ್ಲಿಷಲ್ಲಿ ಹಾಕಿದ್ರೆ ಈ ಪ್ರಾಬ್ಲಂ ಬರಲ್ಲ," ಎಂದ. ಅವನೂ ಏನೋ ಒಂದು ಸಹಾಯ ಮಾಡಬೇಕೆಂದೇ ಹೇಳಿದ್ದು. ನಾನು ಫೋನ್ ಇಟ್ಟುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಎಷ್ಟು ಪ್ರೀತಿಯಿಂದ ನಿಲ್ಲಿಸಿ ನಿಲ್ಲಿಸಿ ಹೇಳಿದ್ದರು ಆ ಮನುಷ್ಯ. ಹೊಸಬರಿಗೆ ಕಷ್ಟವಾಗಬಾರದೆಂದು ಎಲ್ಲರಿಗೂ ಗೊತ್ತಿರುವ ಜಾಗದಿಂದ ಶುರು ಮಾಡಿದ್ದರು. ಎಲ್ಲರಿಗೂ ಗೊತ್ತಿದ್ದದ್ದು ಉಳಿಯಿತು. ಅವರಿಗೊಬ್ಬರಿಗೇ ಗೊತ್ತಿದ್ದದ್ದು ಹೋಯಿತು.

ಆ ಮೇಲಿನ ದಿನಗಳನ್ನು ಹೇಗೆ ಹೇಳಲಿ. ಜೀಪು ದಿನವೂ ಬೇರೆ ರೋಗಿಗಳ ಮನೆ ಮುಗಿಸಿ ಆ ರಸ್ತೆಗೆ ಹೋಗುತ್ತಿತ್ತು, ಒಂದೆರಡು ಗೇಟಿನೊಳಗೆ ನುಗ್ಗಿ ನೋಡಿ ವಾಪಸಾಗುತ್ತಿತ್ತು. ಒಂದು ಮನೆಯಲ್ಲಿ ದೇವಕಿ ಸಿಕ್ಕಿದರು, ಗಟ್ಟಿಮುಟ್ಟಾದ ಬೇರೆ ದೇವಕಿ, ಕಾಫಿ ಕೊಟ್ಟು ಕಳಿಸಿದರು. ಡೈರಿಯಲ್ಲಿ ಹೇಳಿಟ್ಟೆವು, ಅಂಗಡಿಯಲ್ಲಿ ಹೇಳಿಟ್ಟೆವು. ಸಿಸ್ಟರ್ ದಿನಾ ಸಂಜೆ ಕ್ಯಾಲೆಂಡರ್ ನೋಡುತ್ತಿದ್ದರು. ಆಸ್ಪತ್ರೆಯವರು ಕೊಟ್ಟ ಮದ್ದು ಎಷ್ಟು ದಿನಕ್ಕೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ನಾನು ಕೆಲಸವಿಲ್ಲದಿದ್ದರೂ ಆ ಪುಟ ತೆರೆದು ನೋಡುತ್ತಿದ್ದೆ. ಇವತ್ತು ನೋಡಿದರೆ ಒಂದು ಪದ ಹೆಚ್ಚು ಇರಬಹುದೇನೋ ಎಂಬ ಹುಚ್ಚು ಆಸೆ. ಹಸಿವಾಗದಿದ್ದರೂ ಬುತ್ತಿ ಮುಚ್ಚಳ ತೆಗೆದು ನೋಡುವ ಚಾಳಿಯ ಹಾಗೆ ಅದೊಂದು ಚಾಳಿಯೇ ಆಗಿಹೋಯಿತು.

ಕೊನೆಗೆ ಬಾಲಣ್ಣನೇ ಬಂದರು. ಬೆಳಗಿನ ಬಸ್ಸಿಗೆ ಬಂದು ಮೆಟ್ಟಿಲು ಹತ್ತಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಗಡ್ಡ ಬಂದಿತ್ತು, ಕಿವಿಯ ಮೇಲೆ ಪೆನ್ನಿರಲಿಲ್ಲ.

"ಜೀಪ್ ಎಂತಾದ್ರೂ ಹಾಳಾಯ್ತಾ ಅಂತ ಕೇಳ್ಲಿಕ್ಕೆ ಬಂದೆ ಮೇಡಂ. ಯಾರೂ ಕಾಣ್ಲಿಲ್ಲ ಅಲ್ವಾ," ಎಂದರು.

ಬೈದಿದ್ದರೆ ಚೆನ್ನಾಗಿತ್ತು. ಸಿಸ್ಟರ್ ಎದ್ದು ಬಂದು ಮದ್ದು ಇದೆಯಾ ಎಂದು ಮಾತ್ರ ಕೇಳಿದರು. ಬಾಲಣ್ಣ ನೆಲ ನೋಡಿದರು. "ಮುಗಿದು ಸುಮಾರು ದಿನ ಆಯ್ತು ಸಿಸ್ಟರ್. ಮೊದಲು ಕೂಗ್ತಿದ್ಲು. ಈಗ ಕೂಗ್ಲಿಕ್ಕೂ ಆಗುದಿಲ್ಲ."

"ಮುಂಚೆಯೇ ಬರಬಾರದಿತ್ತಾ ಬಾಲಣ್ಣ?" ಎಂದುಬಿಟ್ಟೆ.

"ನೀವೇ ಬರ್ತೇವೆ ಅಂದಿದ್ರಲ್ಲ ಮೇಡಂ. ನಾನು ಈ ಕಡೆ ಬರುವಾಗ ನೀವು ಆ ಕಡೆ ಬಂದ್ರೆ? ಗೇಟ್ ತೆಗೀಲಿಕ್ಕೆ ಮನೆಯಲ್ಲಿ ಬೇರೆ ಗಂಡಸರು ಇಲ್ಲ. ಅದಕ್ಕೆ ಅಲ್ಲೇ ಕಾದೆ."

ಜಾಗ, ಅಕ್ಷರ, ಅಂಕಿ ಎಂದು ಏನೋ ತೊದಲಿದೆ. ಅವರಿಗೆ ಅದು ಬೇಕಿರಲಿಲ್ಲ. "ಅರ್ಧ ಅಳಿಸಿ ಹೋಯ್ತಾ? ಬೇಕಾದ್ರೆ ಇನ್ನೊಮ್ಮೆ ಹೇಳ್ತೇನೆ, ಬರ್ಕೊಳ್ಳಿ," ಎಂದು ಕುರ್ಚಿ ಎಳೆದು ಕೂರಲು ಹೋದರು. ಸಿಸ್ಟರ್ ಬಾಲಣ್ಣನ ಕೈ ಹಿಡಿದು ಮೆಟ್ಟಿಲಿಳಿಸಿದರು. ನಾನೂ ಕಂಪ್ಯೂಟರ್ ಆರಿಸಿ ಜೀಪು ಹತ್ತಿದೆ. ಆ ದಾರಿಯನ್ನು ನನ್ನ ಕಣ್ಣಿನಿಂದ ನೋಡಲೇಬೇಕಿತ್ತು.

ಎಡಕ್ಕೆ ತಿರುಗಿದೆವು. ಹಾಲಿನ ಡೈರಿ ದಾಟಿ ಮುರಿದ ಮೋರಿ ಬಂತು. ಮೋರಿ ಎಂದು ಬಾಲಣ್ಣ ಅನ್ನುವ ಮೊದಲೇ ನನ್ನ ಬೆರಳಿಗೆ ಆ ಪದ ಗೊತ್ತಾಯಿತು. ಹೌದು, ಇದನ್ನು ಟೈಪ್ ಮಾಡಿದ್ದೆ. ಮೋರಿಯ ಬಲಕ್ಕೆ ಇಳಿಯುವ ಮಣ್ಣು ದಾರಿ. ಹಸಿರು ಗೇಟು ಬಿಟ್ಟು ಮುಂದಿನ ಬಿದಿರು ಗೇಟು. ಒಳ್ಳೆಮೆಣಸಿನ ಬಳ್ಳಿ ಹಬ್ಬಿದ ಹಲಸಿನ ಮರ, ನನಗೆ ನೆನಪಾಗಿದ್ದ ಮರವೇ. ಆನೆ ಬಾರದಂತೆ ತೋಡಿದ ಕಂದಕದ ಬದಿಯಲ್ಲೇ ನೇರ. ಒಂದೊಂದು ಬಂದ ಹಾಗೂ ಅದರ ವಾಕ್ಯ ನನ್ನೊಳಗಿಂದ ಮೇಲೆ ಬರುತ್ತಿತ್ತು. ಇಷ್ಟು ದಿನ ಎಷ್ಟು ಕರೆದರೂ ಬಾರದ್ದು. ಕೊನೆಯಲ್ಲಿ ಎರಡು ಕಂಬದ ಮೇಲೆ ನಿಂತ ಪುಟ್ಟ ಗೇಟು. ಅದಕ್ಕೊಂದು ಕೆಂಪು ಟವೆಲ್ ಕಟ್ಟಿತ್ತು.

"ಗುರುತಿಗೆ ಟವೆಲ್ ಕಟ್ಟಿರ್ತೇನೆ ಅಂತ ಹೇಳಿದ್ದೆ ಅಲ್ವಾ," ಎಂದರು ಬಾಲಣ್ಣ. ಇಬ್ಬನಿಗೆ ನೆನೆದು ಬಿಸಿಲಿಗೆ ಒಣಗಿ ಅದರ ಬಣ್ಣ ಒಂದು ಬದಿಯಲ್ಲಿ ಹೋಗಿಬಿಟ್ಟಿತ್ತು.

ದೇವಕಿಯ ಅಕ್ಕ ಹೊರಗೆ ಓಡಿ ಬಂದವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೇಳಿದರು. "ಬೆಳಿಗ್ಗೆ ಕಣ್ಣು ಬಿಟ್ಟ ಕೂಡ್ಲೆ ಟವೆಲ್ ಉಂಟಾ ನೋಡಿ ಬಾ ಅಂತ ಕಳಿಸ್ತಾಳೆ. ಹಂದಿ ಗಿಂದಿ ಎಳ್ಕೊಂಡು ಹೋದ್ರೆ ಜೀಪಿನವರಿಗೆ ಮನೆ ಸಿಗುದಿಲ್ಲ ಅಂತ ಅವಳಿಗೆ ಒಂದೇ ಯೋಚನೆ."

ಒಳಗೆ ದೇವಕಿ ಗೋಡೆಯ ಕಡೆ ಮಡಚಿಕೊಂಡು ಮಲಗಿದ್ದರು. ತುಟಿ ಕಚ್ಚಿ ಕಚ್ಚಿ ಗಾಯವಾಗಿತ್ತು. ಸಿಸ್ಟರ್ ಪೆಟ್ಟಿಗೆ ತೆರೆದರು. ಮದ್ದು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಅವರ ಮುಷ್ಟಿ ಬಿಚ್ಚಿತು. ಬಿಚ್ಚಿದ ಕೈಯಿಂದಲೇ ನನ್ನನ್ನು ಹತ್ತಿರ ಕರೆದರು. ಮನೆಗೆ ಬಂದವರನ್ನು ಮಾತಾಡಿಸದೆ ಇರುವುದು ಹೇಗೆ ಎಂದಿರಬೇಕು.

"ದಾರಿ ಸುಲಭದಲ್ಲಿ ಸಿಕ್ತಾ ಮಗಾ? ಇವರು ಸರಿಯಾಗಿ ಹೇಳಿದ್ರಾ?"

"ಸರಿಯಾಗಿ ಹೇಳಿದ್ರು ಅಕ್ಕಾ," ಎಂದೆ.

ಆಮೇಲೆ ಜೀಪು ಆ ಮನೆಗೆ ತಪ್ಪದೆ ಹೋಯಿತು. ಕೆಲವು ಸಲ ನಾನೂ ಹೋದೆ. ನೋವಿಲ್ಲದ ದಿನ ದೇವಕಿಯಕ್ಕ ದಿಂಬಿಗೊರಗಿ ಕೂತು, ಶನಿವಾರಸಂತೆ ಕಡೆ ಹುಡುಗಿಯರು ಅಕ್ಕಿರೊಟ್ಟಿ ದಪ್ಪ ಮಾಡುತ್ತಾರಂತೆ ಹೌದಾ ಎಂದು ನನ್ನನ್ನು ಕೆಣಕುತ್ತಿದ್ದರು. ಅದು ಅವರಿಗೆ ಮಾತಾಡಲು ಸಿಕ್ಕ ಕೊನೆಯ ಸ್ವಲ್ಪ ದಿನ. ಅದರಲ್ಲಿ ಎಷ್ಟನ್ನು ನಾವು ಆ ರಸ್ತೆಯಲ್ಲಿ ಅಲೆದು ಕಳೆದೆವು ಎಂಬುದು ನನಗೆ ಗೊತ್ತು. ಕಾಫಿ ಹೂ ಬಿಡುವ ಮುಂಚೆ ಅವರು ಹೋದರು. ಬಾಲಣ್ಣ ಲೈನ್ ಮನೆಗೆ ವಾಪಸಾದರು.

ಮೈಸೂರಿನಿಂದ ರಿಪೇರಿ ಬಂದದ್ದು ತೋಟಗಳೆಲ್ಲ ಬೆಳ್ಳಗೆ ಹೂವಾಗಿದ್ದಾಗ. ಕಿರಣ್ ಫೋನ್ ಮಾಡಿದ. "ಸಾರಿ ಮೇಡಂ, ಲೇಟಾಯ್ತು. ಪೇಜ್ ಸೆಟ್ಟಿಂಗ್ ಚೇಂಜ್ ಮಾಡಿದೀನಿ, ಖಾನೆಗೂ ದೊಡ್ಡ ಜಾಗ ಕೊಟ್ಟಿದೀನಿ. ಯಾವುದಾದ್ರೂ ಒಂದು ಹಳೇ ಹೆಸರು ತೆಗೆದು ಉದ್ದಕ್ಕೆ ಕನ್ನಡ ಟೈಪ್ ಮಾಡಿ ನೋಡಿ. ನಾನು ಲೈನಲ್ಲೇ ಇರ್ತೀನಿ."

ನನ್ನ ಕೈ ತಾನಾಗಿ ದೇವಕಿಯಕ್ಕನ ಪುಟಕ್ಕೆ ಹೋಯಿತು. ಅಂಕಿಗಳನ್ನೆಲ್ಲ ಅಳಿಸಿ ಮೊದಲಿನಿಂದ ಶುರು ಮಾಡಿದೆ, ಅವರು ಹೇಳಿದ ಕ್ರಮದಲ್ಲೇ, ಬಸ್ ಸ್ಟ್ಯಾಂಡಿನಿಂದ. ಸೇವ್ ಒತ್ತಿ, ಮುಚ್ಚಿ, ಮತ್ತೆ ತೆರೆದೆ. ಎಲ್ಲವೂ ಅಲ್ಲೇ ಇತ್ತು, ಒಂದಕ್ಷರ ತಪ್ಪದೆ. ಅಷ್ಟರಲ್ಲಿ ಅವತ್ತಿನ ಚೀಟಿಗೆಂದು ಬಂದ ಕುಶಾಲಪ್ಪಣ್ಣ ಕನ್ನಡಕ ಏರಿಸಿ ನನ್ನ ಹಿಂದೆ ನಿಂತು ಪರದೆಯನ್ನು ಓದಿದರು. ಮೊದಲ ದಿನದಂತೆಯೇ ಬಾಯಿ ಬಿಟ್ಟು, ನಿಧಾನವಾಗಿ. ತಿರುಗಿ ಎನ್ನುವಲ್ಲಿ ಈ ಸಲ ನಿಲ್ಲಲಿಲ್ಲ. ಡೈರಿ ದಾಟಿದರು, ಮೋರಿಯಲ್ಲಿ ಬಲಕ್ಕಿಳಿದರು, ಬಿದಿರು ಗೇಟು, ಹಲಸಿನ ಮರ, ಕಂದಕದ ಬದಿ ಎಲ್ಲ ಮುಗಿಸಿ ಕೊನೆಯ ಸಾಲಿಗೆ ಬಂದರು. ಗೇಟಿಗೆ ಕೆಂಪು ಟವೆಲ್ ಕಟ್ಟಿರುತ್ತದೆ.

"ಟವೆಲ್ ಈಗ ಇಲ್ಲ ಮೇಡಂ," ಎಂದರು. "ಮೊನ್ನೆ ಆ ಕಡೆ ಹೋಗಿದ್ದೆ. ಬಿಚ್ಚಿದ್ದಾರೆ."

ಫೋನಿನಲ್ಲಿ ಕಿರಣ್ ಕೇಳುತ್ತಲೇ ಇದ್ದ, "ಹಲೋ ಮೇಡಂ, ಪೂರ್ತಿ ಕಾಣಿಸ್ತಿದೆಯಾ?"

ಕಾಣಿಸ್ತಿದೆ ಕಿರಣ್ ಎಂದೆ.